ದೊಡ್ಡವ್ವನ ಹೆಸರೇನು?

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ತವರಿಗೆ ಹೋಗಿದ್ದೆ. ನಿಮಗೆ ಗೊತ್ತಲ್ಲ, ನನ್ನ ತವರು ಮಾಗಡಿ ತಾಲ್ಲೂಕಿನ ಒಂದು ಹಳ್ಳಿ, ನಾನು ಸೇರಿದ್ದು ರಾಮನಗರ. ಅವತ್ತು ನಮ್ಮ ಕಡೆ ಹಿರೀಕರಿಗೆ ಎಡೆ ಇಡ್ತೀವಿ. ನಡುಮನೇಲಿ ಕಳಸ ಇಟ್ಟು, ಹೊಸ ಪಂಚೆ, ಹೊಸ ಸೀರೆ ಮಡಿಸಿಟ್ಟು, ಮುಂದೆ ಬಾಳೆ ಎಲೆ ಹಾಸಿ, ಮುದ್ದೆ, ಕೋಳಿ ಸಾರು, ವಡೆ, ಕಜ್ಜಾಯ, ಪಾಯಸ ಎಲ್ಲಾ ಬಡಿಸಿದ್ವಿ. ತಾತನಿಗೆ ಬೀಡಿ ಅಂದ್ರೆ ಪ್ರಾಣ. ಅದಕ್ಕೆ ನಮ್ಮಣ್ಣ ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣನೂ ಇಟ್ಟ. ಧೂಪ ಹಾಕೋವಾಗ ಒಬ್ಬೊಬ್ಬರ ಹೆಸರು ಹೇಳಿ ಕೈ ಮುಗಿಯೋದು ಪದ್ಧತಿ. ಅಪ್ಪನ ಹೆಸರು, ತಾತನ ಹೆಸರು, ಮುತ್ತಾತನ ಹೆಸರು, ಅವರಪ್ಪನ ಹೆಸರು ಅಂತ ನಮ್ಮಣ್ಣ ಐದು ತಲೆಮಾರು ತಡವರಿಸದೆ ಹೇಳಿದ.

ನಮ್ಮಣ್ಣನ ಮಗಳು ಕಾಲೇಜಿಗೆ ಹೋಗ್ತಾಳೆ. ಅವಳು ಪಕ್ಕದಲ್ಲೇ ನಿಂತಿದ್ದಳು. "ಅತ್ತೆ, ಸೀರೆ ಇಟ್ಟಿದ್ದೀರಲ್ಲ, ಅದು ಯಾರಿಗೆ?" ಅಂದಳು. ಅಜ್ಜಿಗೆ, ಮುತ್ತಜ್ಜಿಗೆ ಅಂದೆ. "ಮುತ್ತಜ್ಜಿ ಹೆಸರೇನು?"

ನಾನು ನಮ್ಮವ್ವನ ಮುಖ ನೋಡಿದೆ. ಅವ್ವ ಸೋದರತ್ತೆ ಮುಖ ನೋಡಿದಳು. ಸೋದರತ್ತೆಗೆ ಈಗ 84 ವರ್ಷ. ಕನಕಪುರದ ಕಡೆ ಕೊಟ್ಟಿದ್ದು. ಗಂಡ ಹೋಗಿ ಬಾಳ ವರ್ಷ ಆಯ್ತು. ಚಿಕ್ಕವಯಸ್ಸಲ್ಲೇ ಅವರ ತಾಯಿ ತೀರಿಕೊಂಡಿದ್ದರು, ಸಾಕಿದ್ದೆಲ್ಲಾ ಇದೇ ಮುತ್ತಜ್ಜಿ. ಅಂಥಾ ಅತ್ತೆನೇ ಅಂದರು: "ಎಲ್ರೂ ದೊಡ್ಡವ್ವ ಅಂತಿದ್ರು ಕಣವ್ವ. ನಾನೂ ದೊಡ್ಡವ್ವ ಅಂತಿದ್ದೆ. ಹೆಸ್ರು ಹಿಡಿದು ಕರೆಯೋರು ಯಾರಿದ್ರು? ಚನ್ನಪಟ್ಟಣದ ಕಡೆಯಿಂದ ತಂದಿದ್ದು ಅಂತ ಗೊತ್ತು, ಅಷ್ಟೇಯ."

ಐದು ತಲೆಮಾರು ಗಂಡಸರ ಹೆಸರು ಬಾಯಿಗೆ ಬರುತ್ತೆ, ಎರಡು ತಲೆಮಾರು ಹಿಂದಿನ ಹೆಂಗಸಿನ ಹೆಸರು ಒಬ್ಬರಿಗೂ ಗೊತ್ತಿಲ್ಲ. ಅವತ್ತು ಕಜ್ಜಾಯ ಬಾಯಲ್ಲಿಟ್ಟರೆ ನನಗೆ ಇಳೀಲಿಲ್ಲ.

ಅದೇ ಸಮಯಕ್ಕೆ ಇನ್ನೊಂದೂ ಸೇರಿಕೊಂಡಿತು. ಅಪ್ಪನ ಹೆಸರಲ್ಲಿದ್ದ ಜಮೀನಿಗೆ ಪೌತಿ ಖಾತೆ ಮಾಡಿಸಬೇಕು ಅಂತ ನಮ್ಮಣ್ಣ ಓಡಾಡ್ತಿದ್ದ. ಅದಕ್ಕೆ ವಂಶವೃಕ್ಷ ಬೇಕು. ಯಾರೋ ಬರೆದುಕೊಟ್ಟ ಕಚ್ಚಾ ಪಟ್ಟಿ ತಂದು ತೋರಿಸಿದ. ತಾತ, ತಾತನ ಕೆಳಗೆ ಅಪ್ಪ, ಅಪ್ಪನ ಕೆಳಗೆ ನಮ್ಮಣ್ಣ, ತಮ್ಮ. ಸೋದರತ್ತೆ ಇಲ್ಲ, ನಾನಿಲ್ಲ, ನನ್ನ ತಂಗಿ ಇಲ್ಲ. "ಹೆಣ್ಮಕ್ಕಳನ್ನ ಬರೆಸಿದ್ರೆ ತಕರಾರು ಜಾಸ್ತಿ ಅಂತ ಹೇಳಿದ್ರು" ಅಂದ. ಯಾರು ಹೇಳಿದ್ರು ಅಂದ್ರೆ ಉತ್ತರ ಇಲ್ಲ. ನಾನು ಜಗಳ ಆಡಲಿಲ್ಲ. ಆದರೆ ಅವತ್ತು ರಾತ್ರಿ ತೀರ್ಮಾನ ಮಾಡಿದೆ, ದೊಡ್ಡವ್ವನ ಹೆಸರು ಹುಡುಕಲೇಬೇಕು. ನಾನು ಓದಿರೋದು ಪಿ.ಯು.ಸಿ. ಆದರೂ ಅಣ್ಣನ ಮಗಳು ಜೊತೆಗಿದ್ದಳು, ಧೈರ್ಯ ಬಂತು.

ಒಂದು ಮನೆತನದ ಬೇರು ಹುಡುಕೋದು ಹೆಂಗೆ ಅಂತ ತಿಳಿಯೋಕೆ ನಮ್ಮ ಮಾಗಡಿಯೋರಿಗೆ ದೂರ ಹೋಗಬೇಕಾಗಿಲ್ಲ. ಕೆಂಪೇಗೌಡರ ಮನೆತನ ಕಣ್ಣ ಮುಂದೇನೇ ಇದೆ. 1537ರಲ್ಲಿ ಬೆಂಗಳೂರು ಪೇಟೆ ಕಟ್ಟಿದ ಹಿರಿಯ ಕೆಂಪೇಗೌಡರು ಯಲಹಂಕ ನಾಡಪ್ರಭುಗಳ ವಂಶದೋರು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರು ಹಿಡಿದುಕೊಂಡ ಮೇಲೆ ಆ ಮನೆತನ ಮಾಗಡಿಗೆ ಬಂತು. ಸಾವನದುರ್ಗದ ಕೋಟೆ, ಮಾಗಡಿ ಸೋಮೇಶ್ವರನ ಗುಡಿ ಅವರ ಕಾಲದ ಗುರುತುಗಳು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನವರು ಮಾಗಡಿ ಗೆದ್ದರು. ಕೊನೆಯ ಕೆಂಪವೀರಗೌಡರು ಶ್ರೀರಂಗಪಟ್ಟಣದಲ್ಲಿ ಸೆರೆಯಾದರು. ಅಲ್ಲಿಗೆ ಆಳ್ವಿಕೆ ಮುಗೀತು.

ಈ ವಂಶದ ಪಟ್ಟಿ ಗೊತ್ತಾಗಿರೋದು ಹೆಂಗೆ? ಒಂದು, ಶಾಸನಗಳಿಂದ. ಊರು ದಾನ ಕೊಟ್ಟಾಗ, ಗುಡಿಗೆ ಜಮೀನು ಬಿಟ್ಟಾಗ ಕಲ್ಲಿನ ಮೇಲೆ ಬರೆಸ್ತಿದ್ದರು. ಇಂಥವರ ಮೊಮ್ಮಗ, ಇಂಥವರ ಮಗ, ಇಂಥವನು ಕೊಟ್ಟ ಅಂತ. ಅಂಥ ಎರಡು ಮೂರು ಕಲ್ಲು ಸೇರಿಸಿ ಓದಿದ್ರೆ ನಾಲ್ಕು ತಲೆಮಾರು ಸಿಕ್ಕಿಬಿಡುತ್ತೆ. ನಮ್ಮ ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಯ ಕಲ್ಲುಗಳ ಬರಹವನ್ನೆಲ್ಲಾ ಬಿ.ಎಲ್. ರೈಸ್ ಅನ್ನೋರು ಸೇರಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟವಾಗಿ ತಂದರು. ಎರಡನೇದು, ಬಾಯಿಮಾತು. ಬಾಯಲ್ಲಿ ಉಳಿದ ವಂಶಾವಳೀಲಿ ರಣಭೈರೇಗೌಡ, ಜಯಗೌಡ, ಗಿಡ್ಡೇಗೌಡ, ಕೆಂಪನಂಜೇಗೌಡ, ಕೆಂಪೇಗೌಡ ಅಂತ ಸಾಲು ಬರುತ್ತೆ.

ಅಷ್ಟು ದೊಡ್ಡ ಮನೆತನದಲ್ಲೂ ಮೂಲಪುರುಷನಂಥ ಹಿರಿಯ ಕೆಂಪೇಗೌಡರ ಸಮಾಧಿ ಇದೇ ಅಂತ ಜನಕ್ಕೆ ಗೊತ್ತಾಗಿದ್ದು 2015ರಲ್ಲಿ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೇ ಮಂಟಪ ಇತ್ತು. ಜನ ದಿನಾ ನೋಡ್ತಾನೇ ಇದ್ದರು. ಅದರ ಮೇಲಿನ ಬರಹ ಓದಿದ ಮೇಲೆ ತಾನೆ ಅದು ಯಾರದ್ದು ಅಂತ ತಿಳಿದಿದ್ದು! ನಾನೂ ಅಣ್ಣನ ಮಗಳೂ ಒಂದಿನ ಬಸ್ಸು ಹತ್ತಿ ಹೋಗಿ ನೋಡಿಬಂದ್ವಿ. ಓದೋರು ಬರೋವರೆಗೂ ಕಲ್ಲು ಬರೀ ಕಲ್ಲೇ. ಇದು ನನ್ನ ಮನಸ್ಸಲ್ಲಿ ನಿಂತುಬಿಡ್ತು.

ಇನ್ನೊಂದು ಮಾತು ನಿಂತಿದ್ದು ಅದಕ್ಕಿಂತ ಜಾಸ್ತಿ. ಈ ಮನೆತನ ನಮ್ಮ ಸೀಮೆಗೆ ಬಂದಿದ್ದೇ ಒಬ್ಬ ಹೆಣ್ಣುಮಗಳ ದೆಸೆಯಿಂದ ಅಂತಾರೆ. ಕಂಚಿ ಸೀಮೇಲಿ ಇದ್ದಾಗ ಅಲ್ಲಿನ ಪಾಳೇಗಾರನೊಬ್ಬ ಮನೆ ಮಗಳನ್ನ ಬಲವಂತಕ್ಕೆ ಕೇಳಿದ. ಕೊಡೋಕೆ ಇಷ್ಟ ಇಲ್ಲದೆ ರಾತ್ರೋರಾತ್ರಿ ಗಾಡಿ ಕಟ್ಟಿ, ಪಾಲಾರ್ ಹೊಳೆ ದಾಟಿ, ದೇವನಹಳ್ಳಿ ಹತ್ತಿರದ ಆವತಿಗೆ ಬಂದು ನೆಲೆ ನಿಂತರು ಅನ್ನೋದು ಕತೆ. ಆ ಮಗಳ ಹೆಸರು ದೊಡ್ಡಮ್ಮ ಅಂತಾರೆ. ದೊಡ್ಡಮ್ಮ! ಅದು ಹೆಸರೋ, ನಮ್ಮ ದೊಡ್ಡವ್ವನ ಹಂಗೆ ಕರೆಯೋ ಮಾತೋ? ಆಮೇಲೆ ಬರೋ ಸಾಲಲ್ಲಿ ಎಲ್ಲಾ ಗೌಡರೇ. ಕೆಂಪೇಗೌಡರ ಸೊಸೆ ಲಕ್ಷ್ಮೀದೇವಿ ಕೋಟೆ ಬಾಗಿಲು ನಿಲ್ಲಲಿ ಅಂತ ತನ್ನನ್ನೇ ಬಲಿ ಕೊಟ್ಟುಕೊಂಡಳು ಅನ್ನೋ ಕತೆ ಎಲ್ರಿಗೂ ಗೊತ್ತು. ಕೋರಮಂಗಲದಲ್ಲಿ ಆಕೆ ಸಮಾಧಿ ತೋರಿಸ್ತಾರೆ. ನೋಡಿ, ಹೆಂಗಸಿನ ಹೆಸರು ಉಳೀಬೇಕಾದ್ರೆ ಒಂದೋ ಅವಳಿಗೋಸ್ಕರ ಊರು ಬಿಡಬೇಕು, ಇಲ್ಲಾ ಅವಳೇ ಜೀವ ಬಿಡಬೇಕು. ಸುಮ್ಮನೆ ಬದುಕಿ, ಮುದ್ದೆ ತೊಳಸಿ, ಮಕ್ಕಳು ಸಾಕಿದೋಳ ಹೆಸರು ಯಾವ ಕಲ್ಲಿನ ಮೇಲೂ ಬರಲ್ಲ.

ನಮ್ಮೂರ ಹಿಂದಿನ ಹೊಲದ ಬದೂಲಿ ಒಂದು ಮಾಸ್ತಿಕಲ್ಲು ಇದೆ. ಗಂಡನ ಜೊತೆ ಬೆಂಕಿಗೆ ಹೋದೋಳ ನೆನಪಿಗೆ ನಿಲ್ಲಿಸಿದ್ದು. ಮಡಿಚಿ ಎತ್ತಿದ ಒಂದು ಕೈ, ಕೈತುಂಬಾ ಬಳೆ, ಬೆರಳಲ್ಲಿ ನಿಂಬೆಹಣ್ಣು. ಚಿಕ್ಕವಳಿದ್ದಾಗ ಆ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ತಿಂದಿದ್ದೀನಿ. ಈಗ ಹೋಗಿ ನೋಡಿದೆ. ಬಳೆ ಎಣಿಸಬಹುದು, ಹೆಸರಿಲ್ಲ.

ಸರಿ, ಕಲ್ಲು ನಮ್ಮಂಥ ಬಡವರ ಮನೆಗೆ ಅಲ್ಲ. ನಮ್ಮಂಥೋರಿಗೆ ಹೆಳವರು ಇದ್ದರು. ನಿಮ್ಮಲ್ಲಿ ಐವತ್ತು ದಾಟಿದೋರಿಗೆ ನೆನಪಿರಬೇಕು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸ್ಕೊಂಡು ಬರ್ತಿದ್ದರು. ಹೆಳವ ಅಂದ್ರೆ ಕಾಲಿಲ್ಲದೋನು ಅಂತ ಅರ್ಥ, ಅದಕ್ಕೇ ಎತ್ತಿನ ಸವಾರಿ ಅಂತ ಕತೆ. ಒಂದೊಂದು ಹೆಳವರ ಮನೆಗೆ ಇಂತಿಂಥ ಊರು, ಇಂತಿಂಥ ಒಕ್ಕಲು ಅಂತ ಹಿಂದಿನಿಂದ ಪಾಲು. ಬಾಗಿಲಲ್ಲಿ ನಿಂತು ನಿಮ್ಮ ಮೂಲ ಯಾವ ಊರು, ಯಾರು ಯಾವಾಗ ಎಲ್ಲಿಂದ ಎದ್ದು ಬಂದರು, ಎಷ್ಟು ಕವಲಾಯ್ತು ಅಂತ ರಾಗವಾಗಿ ಹೇಳೋರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಸೇರಿಸ್ಕೊಳ್ಳೋರು. ಹಿಂದೆ ತಾಳೆಗರಿ, ಆಮೇಲೆ ಕಾಗದದ ಪುಸ್ತಕ. ಮೊರದ ತುಂಬಾ ರಾಗಿ, ಒಂದು ಬಟ್ಟೆ, ಕೈಲಾದಷ್ಟು ದುಡ್ಡು ಕೊಟ್ಟು ಕಳಿಸ್ತಿದ್ವಿ.

ನಾನು ಏಳನೇ ಕ್ಲಾಸಲ್ಲಿದ್ದಾಗ ಬಂದಿದ್ದ ಹೆಳವರು ಹೇಳಿದ್ದನ್ನ ನಮ್ಮಪ್ಪ ಒಂದು ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದರು. ಅದು ಸಿಕ್ತು. ಆಸೆಯಿಂದ ತೆಗೆದು ನೋಡಿದ್ರೆ ಏಳು ತಲೆಮಾರು ಗಂಡಸರ ಹೆಸರು. ಹೆಣ್ಣುಮಕ್ಕಳ ಕಡೆ "ಒಬ್ಬಳನ್ನು ಕುಣಿಗಲ್ ಸೀಮೆಗೆ ಕೊಟ್ಟರು", "ಇಬ್ಬರನ್ನು ಕಾನಕಾನಹಳ್ಳಿ ಸೀಮೆಗೆ ಕೊಟ್ಟರು". ಮುತ್ತಾತನ ಹೆಸರಿನ ಮುಂದೆ "ಚನ್ನಪಟ್ಟಣದ ಕಡೆಯಿಂದ ಹೆಣ್ಣು ತಂದರು". ಕೊಟ್ಟರು, ತಂದರು. ಎಲ್ಲಿಗೆ ಅಂತ ಇದೆ, ಯಾರನ್ನ ಅಂತ ಇಲ್ಲ.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ನಮ್ಮ ಬೀದಿಯ ಒಬ್ಬರ ಮಗಳು ಅಮೇರಿಕಾದಲ್ಲಿದ್ದಾಳೆ. ಅಲ್ಲಿನೋರಿಗೆ ಮನೆತನದ ಬೇರು ಹುಡುಕೋ ಹುಚ್ಚು ಬಾಳ ಅಂತೆ. ಇನ್ನೂ ಇಂಗ್ಲೆಂಡಿನ ಕೈಕೆಳಗಿದ್ದ ಕಾಲದ ಅಲ್ಲಿನ ರೈತರು ಬರೆಸಿದ ವಿಲ್ಲುಗಳು ಕೋರ್ಟು ಪುಸ್ತಕಗಳಲ್ಲಿ ಹಾಗೇ ಉಳಿದಿವೆ. ಮುನ್ನೂರು ವರ್ಷದ ಹಿಂದಿನ ವಿಲ್ಲು ಓದಿದ್ರೂ ಅದೇ ಕತೆ ಅಂದಳು. ದೊಡ್ಡ ಮಗನಿಗೆ ಹೊಲ, ಮಗಳಿಗೆ ಒಂದು ಹಸು, ಹಾಸಿಗೆ, ಕಬ್ಬಿಣದ ಪಾತ್ರೆ. ಹೆಂಡತಿಗೆ ಅವಳು ಬದುಕಿರೋವರೆಗೆ ಜಮೀನಿನ ಮೂರರಲ್ಲಿ ಒಂದು ಪಾಲಿನ ಅನುಭವ. ಅದನ್ನ ಮಾರೋ ಹಕ್ಕಿಲ್ಲ. "ನನ್ನ ಪ್ರೀತಿಯ ಹೆಂಡತಿ" ಅಂತ ಹೆಸರು ಬರೀತಾರೆ, ಅವಳು ಯಾರ ಮಗಳು ಅಂತ ಬರೆಯಲ್ಲ. ಅಲ್ಲೂ ಹೆಂಗಸಿನ ತವರು ಹುಡುಕೋದೇ ಕಷ್ಟ ಅಂತೆ. ಅದಕ್ಕೆ ಅವರು ಒಂದು ಉಪಾಯ ಮಾಡ್ತಾರೆ. ಗಂಡನ ಕಾಗದದಲ್ಲಿ ಸಿಗದಿದ್ರೆ ಅವಳ ಅಪ್ಪನ ವಿಲ್ಲು ಹುಡುಕ್ತಾರೆ, ಅವಳ ಅಣ್ಣತಮ್ಮಂದಿರ ವಿಲ್ಲು ಹುಡುಕ್ತಾರೆ. ಎಲ್ಲಾದ್ರೂ ಒಂದು ಕಡೆ "ನನ್ನ ಮಗಳು ಇಂಥವಳು, ಇಂಥವನ ಹೆಂಡತಿ" ಅಂತ ಬಂದೇ ಬರುತ್ತೆ.

ಈ ಉಪಾಯ ನನಗೆ ಹಿಡಿಸ್ತು. ಗಂಡಸರ ಪಟ್ಟೀಲಿ ಹುಡುಕೋದು ಬಿಟ್ಟು, ಹೆಂಗಸಿನ ಕೈಯಲ್ಲಿ ಏನಾದ್ರೂ ಆಸ್ತಿ ಇತ್ತಾ ಅಂತ ಹುಡುಕೋಕೆ ಶುರು ಮಾಡಿದೆ. ಸೋದರತ್ತೆನ ಕೂರಿಸ್ಕೊಂಡು ಅವರೆಕಾಯಿ ಸುಲೀತಾ ಸುಲೀತಾ ಕೇಳಿದೆ. ದೊಡ್ಡವ್ವಂಗೆ ಏನೇನಿತ್ತು ಅತ್ತೆ? ತಾಮ್ರದ ಹಂಡೆ ಇತ್ತು. ಕಿವೀಗೆ ಓಲೆ ಇತ್ತು. ಹಸು ಇತ್ತು. ಹಂಗೇ ಅಂದರು: "ಕೆರೆ ಹಿಂದ್ಲ ಹೊಲಾನ ಅರಿಸಿನ ಕುಂಕುಮದ ಹೊಲ ಅಂತಿದ್ರು ಕಣವ್ವ. ದೊಡ್ಡವ್ವ ಅಲ್ಲಿ ಬೆಳೆದ ಅವರೇಕಾಯಿ ಮಾತ್ರ ಯಾರಿಗೂ ಕೇಳ್ದಂಗೆ ಮಾರೋಳು."

ಅರಿಸಿನ ಕುಂಕುಮಕ್ಕೆ ಅಂದ್ರೆ ಗೊತ್ತಲ್ಲ. ಮಗಳಿಗೆ ತವರಿನೋರು ಕೊಡೋ ಭೂಮಿ. ಇಲ್ಲಾ, ಅಷ್ಟು ದೂರದ ಊರಿಗೆ ಕೊಟ್ಟಾಗ ಅಲ್ಲೇ ಕೊಂಡುಕೊಟ್ಟಿದ್ದು. ಅದು ಅವಳದ್ದು. ಹೆಂಗಸಿನ ಹೆಸರಲ್ಲಿ ಭೂಮಿ ಇತ್ತು ಅಂದ ಮೇಲೆ ಎಲ್ಲೋ ಒಂದು ಕಡೆ ಹೆಸರು ಬಿದ್ದಿರಲೇಬೇಕು!

ಅಟ್ಟದ ಮೇಲೆ ಹಳೇ ಚಂದ್ರಿಕೆಗಳ ಹಿಂದೆ ತಾತನ ಕಬ್ಬಿಣದ ಟ್ರಂಕು ಇತ್ತು. ರೇಷ್ಮೆ ಹುಳ ಮೇಯಿಸೋದು ಬಿಟ್ಟ ಮೇಲೆ ಆ ಕಡೆ ಯಾರೂ ಹೋಗಿರಲಿಲ್ಲ. ನುಸಿ, ಜಿರಲೆ, ಧೂಳು. ಒಳಗೆ ಕಂದಾಯದ ರಸೀದಿ ಕಟ್ಟು, ಸಾಲದ ಪತ್ರ, ಒಂದು ತುಂಡು ಕಪ್ಪು ಕಡತ. ಕಡತ ಅಂದ್ರೆ ಬಟ್ಟೆಗೆ ಹುಣಸೆಬೀಜದ ಗಂಜೀಲಿ ಇದ್ದಿಲು ಕಲಸಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಬಳಪದಲ್ಲಿ ಬರೀತಿದ್ದರು. ಶಾನುಭೋಗರ ಲೆಕ್ಕವೆಲ್ಲಾ ಒಂದು ಕಾಲಕ್ಕೆ ಇದರಲ್ಲೇ. 1963ರ ಫೆಬ್ರವರಿಯಿಂದ ಪಟೇಲ, ಶಾನುಭೋಗ ಅಂತ ವಂಶದಿಂದ ಬರೋ ಹುದ್ದೆಗಳೇ ಹೋದವು. ಎಷ್ಟೋ ಊರಲ್ಲಿ ಕಡತ ಅಟ್ಟ ಸೇರಿದವು, ಒಲೆ ಸೇರಿದವು. ನಮ್ಮ ಮನೆ ತುಂಡಲ್ಲಿ ಬಳಪ ಅಳಿಸಿಹೋಗಿ ಒಂದಕ್ಷರನೂ ಕಾಣಲಿಲ್ಲ.

ಟ್ರಂಕಿನ ತಳದಲ್ಲಿ ಗೆದ್ದಲು ತಿಂದ ಅರ್ಧ ಹಾಳೆ ಇತ್ತು. "ಮರಣ ಶಾಸನ" ಅನ್ನೋದು ಓದೋಕೆ ಬಂತು. 1948 ಅನ್ನೋದು ಕಂಡಿತು. ಮೂಲೇಲಿ ಸೀಲು, "3ನೇ ಪುಸ್ತಕ", ಒಂದು ನಂಬರು. ಹೆಸರಿನ ಜಾಗವನ್ನೇ ಗೆದ್ದಲು ತಿಂದುಬಿಟ್ಟಿತ್ತು!

ಇಲ್ಲಿ ನಿಮಗೆ ಉಪಯೋಗಕ್ಕೆ ಬರೋ ನಾಲ್ಕು ಮಾತು ಹೇಳ್ತೀನಿ, ಗಮನ ಇಟ್ಟು ಓದಿ.

ಒಂದು. ವಿಲ್ಲು, ಉಯಿಲು, ಮರಣ ಶಾಸನ ಎಲ್ಲಾ ಒಂದೇ. ವಿಲ್ಲನ್ನ ರಿಜಿಸ್ಟರ್ ಮಾಡಿಸಲೇಬೇಕು ಅಂತೇನಿಲ್ಲ, ಆದರೆ ಇಬ್ಬರು ಸಾಕ್ಷಿ ಬೇಕೇ ಬೇಕು. ರಿಜಿಸ್ಟರ್ ಮಾಡಿಸಿದ್ರೆ ಸಬ್ ರಿಜಿಸ್ಟ್ರಾರ್ ಕಚೇರಿಯ 3ನೇ ಪುಸ್ತಕದಲ್ಲಿ ಅದರ ನಕಲು ಇರುತ್ತೆ. ಕ್ರಯ, ದಾನ, ವಿಭಾಗ ಪತ್ರ ಇರೋದು 1ನೇ ಪುಸ್ತಕದಲ್ಲಿ. ಬರೆಸಿದೋರು ಬದುಕಿರೋವರೆಗೆ ವಿಲ್ಲಿನ ನಕಲು ಬೇರೆಯೋರಿಗೆ ಕೊಡಲ್ಲ. ತೀರಿಕೊಂಡ ಮೇಲೆ ಯಾರು ಅರ್ಜಿ ಹಾಕಿದ್ರೂ ಕೊಡಬೇಕು ಅಂತ ಕಾನೂನಲ್ಲೇ ಇದೆ.

ಎರಡು. ಊರಿನ ಹೆಸರು ಬದಲಾಗಿರುತ್ತೆ. ಈಗಿನ ಕನಕಪುರ ಹಳೇ ಕಾಗದದಲ್ಲಿ ಕಾನಕಾನಹಳ್ಳಿ. ರಾಮನಗರ ಆಗ ಕ್ಲೋಸ್‌ಪೇಟೆ. ಮೈಸೂರಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅನ್ನೋ ಇಂಗ್ಲಿಷರ ಹೆಸರು ಅದಕ್ಕೆ ಇಟ್ಟಿದ್ದರು. ಜಿಲ್ಲೆನೂ ಅಷ್ಟೇ. ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ನಾವು ಮನೆ ಬದಲಾಯಿಸದೆ ನಾಲ್ಕು ಜಿಲ್ಲೇಲಿ ಬಾಳಿದ್ದೀವಿ ನೋಡಿ.

ಮೂರು. ಹಳೇ ಪಹಣಿ, ಪತ್ರ ಓದೋವಾಗ ಎರಡು ಮಾತು ಗೊತ್ತಿರಲಿ. "ಬಿನ್" ಅಂದ್ರೆ ಮಗ, ಅರಬ್ಬಿಯಿಂದ ಬಂದ ಮಾತು. "ಕೋಂ" ಅಂದ್ರೆ ಹೆಂಡತಿ. ಪಹಣೀಲಿ 9ನೇ ಕಾಲಂ ಖಾತೆದಾರರ ಹೆಸರು. ಅಲ್ಲಿ "ಕೋಂ" ಕಂಡರೆ ನಿಂತು ಓದಿ, ಅಲ್ಲೊಬ್ಬಳು ಹೆಂಗಸು ಇದ್ದಾಳೆ.

ನಾಲ್ಕು. ಹೆಂಗಸರಿಗೆ ಆಸ್ತಿ ಎಲ್ಲಿತ್ತು ಅಂತ ಗಂಡಸರು ನಗಾಡ್ತಾರೆ. ನಮ್ಮ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾಯ್ದೆ ಬಂದಿತ್ತು. ಸ್ತ್ರೀಧನದ ಮೇಲೆ ಅವಳಿಗೇ ಹಕ್ಕು ಅಂತ ಅದರಲ್ಲಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ ಅದು.

ಅರ್ಜಿ ಹಾಕಿದ್ವಿ. ಒಂದು ಸಲಕ್ಕೆ ಆಗಲಿಲ್ಲ. ಆ ವರ್ಷದ ಪುಸ್ತಕ ಕೆಳಗಿಂದ ತೆಗೀಬೇಕು, ನಾಳೆ ಬನ್ನಿ, ಸೋಮವಾರ ಬನ್ನಿ ಅಂದರು. ನಾನು ಒಲೆ ಮೇಲೆ ಸಾರಿಟ್ಟು, ಕುದ್ದ ಮೇಲೆ ಇಳಿಸಿ ಬಸ್ಸು ಹತ್ತೋದೇ ಆಯ್ತು. ಐದನೇ ಸಲಕ್ಕೆ ದೃಢೀಕರಿಸಿದ ನಕಲು ಕೈಗೆ ಬಂತು. ಹೊರಗೆ ಬೇವಿನ ಮರದ ಕೆಳಗೆ ಕಟ್ಟೆ ಮೇಲೆ ಕೂತು ಅಣ್ಣನ ಮಗಳು ಓದಿದಳು. ಮೊದಲನೇ ಸಾಲಲ್ಲೇ ದೊಡ್ಡವ್ವನ ಹೆಸರು ಇತ್ತು.

ಹೆಸರು ಇಲ್ಲಿ ಬರೆಯಲ್ಲ. ದಾಯಾದಿಗಳೂ ಓದ್ತಾರೆ, ಜಮೀನಿನ ಮಾತು ಇನ್ನೂ ಮುಗಿದಿಲ್ಲ. ಆದರೆ ಚೆಂದದ ಹೆಸರು. ಇಂಥವಳು, ಕೋಂ ನಮ್ಮ ಮುತ್ತಾತ, ವಯಸ್ಸು ಸುಮಾರು 58, ಬೇಸಾಯ. ಬೇಸಾಯ ಅಂತ ಬರೆದಿದ್ದರು! ಈಗಿನ ಕಾಗದದಲ್ಲಿ ನಮಗೆಲ್ಲಾ "ಗೃಹಿಣಿ" ಅಂತ ಬರೀತಾರೆ. ಮುಂದೆ ಬರೆಸಿದ್ದಳು. ನನಗೆ ತವರಿನಿಂದ ಅರಿಸಿನ ಕುಂಕುಮಕ್ಕೆ ಬಂದ, ಕೆರೆ ಹಿಂದಿನ 12 ಗುಂಟೆ ಜಮೀನು, ತಾಮ್ರದ ಹಂಡೆ ಒಂದು, ಓಲೆ ಒಂದು ಜೊತೆ, ಇವು ನನ್ನ ಮರಣಾನಂತರ ತಾಯಿಯಿಲ್ಲದ ನನ್ನ ಮೊಮ್ಮಗಳಿಗೆ ಸೇರತಕ್ಕದ್ದು. ಅದರ ಕೆಳಗೆ ನಮ್ಮ ಸೋದರತ್ತೆ ಹೆಸರು, ವಯಸ್ಸು 7 ವರ್ಷ. ಇಬ್ಬರು ಸಾಕ್ಷಿಗಳು. ದೊಡ್ಡವ್ವಂಗೆ ಓದು ಬರ್ತಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದ್ದಳು ಅಂತ ನಕಲಲ್ಲಿ ಬರೆದಿತ್ತು.

ಆ ಕಟ್ಟೆ ಮೇಲೆ ನಾವಿಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಓದೋಕೆ ಬರದ ಒಬ್ಬ ಹೆಂಗಸು ಹಳ್ಳಿಯಿಂದ ಗಾಡೀಲಿ ಬಂದು, ಇಬ್ಬರು ಸಾಕ್ಷಿ ಕರ್ಕೊಂಡು, ಏಳು ವರ್ಷದ ಮಗೂಗೋಸ್ಕರ ಹೆಬ್ಬೆಟ್ಟು ಒತ್ತಿ ಹೋಗಿದ್ದಾಳೆ. 77 ವರ್ಷ ಆ ಮಾತು ಪುಸ್ತಕದೊಳಗೆ ಮಲಗಿತ್ತು. ಕೆಂಪಾಪುರದ ಕಲ್ಲಿನ ಹಂಗೇ, ಓದೋರು ಇರಲಿಲ್ಲ.

ಸಾಯಂಕಾಲ ಸೋದರತ್ತೆಗೆ ಓದಿ ಹೇಳಿದೆ. ಹೆಸರು ಹೇಳಿದಾಗ ಒಂದು ಸಲ ಅಂದುಕೊಂಡರು, ಇನ್ನೊಂದು ಸಲ ಅಂದುಕೊಂಡರು, ಬಾಯಲ್ಲಿ ರುಚಿ ನೋಡೋ ಹಂಗೆ. ಹಂಡೆ ವಿಷಯ ಬಂದಾಗ, "ಆ ಹಂಡೇಲೇ ನಂಗೆ ಎಣ್ಣೆನೀರು ಹಾಕೋಳು" ಅಂದು ಅತ್ತರು. ಜಮೀನಿನ ಮಾತು ಬಂದಾಗ ಅಳು ನಿಂತೋಯ್ತು. "ಅಂಗಾರೆ ನಮ್ಮಪ್ಪಂಗೆ ಗೊತ್ತಿತ್ತಾ?" ಅಂದರು. ಕಾಗದ ಇದ್ದಿದ್ದು ತಾತನ ಟ್ರಂಕಲ್ಲಿ. ನಾನೇನು ಹೇಳ್ಲಿ? ಸುಮ್ಮನಾದೆ. ಅವರಿಗೂ ಅರ್ಥ ಆಯ್ತು.

ನಮ್ಮಣ್ಣ ಒಳ್ಳೆಯೋನು, ಆದರೆ ಅವತ್ತು ಅವನ ಮುಖ ಕಪ್ಪಿಟ್ಟಿತು. "ಸತ್ತೋರ ಕಾಗದ ತಂದು ಮನೆ ಒಡೀತೀಯಾ?" ಅಂದ. ನಾನು ಅಂದೆ: ಅಣ್ಣಯ್ಯ, ಮನೆ ಒಡೆಯೋದು ಕಾಗದ ಅಲ್ಲ, ಮುಚ್ಚಿಡೋದು. ಒಬ್ಬ ವಕೀಲರನ್ನ ಕಂಡ್ವಿ. ಇಷ್ಟು ವರ್ಷದ ಮೇಲೆ ಆ ವಿಲ್ಲಿಗೆ ಎಷ್ಟು ಬಲ ಅನ್ನೋದು ಕೋರ್ಟು ಹೇಳಬೇಕಾದ ಮಾತು ಅಂದರು. ಆದರೆ ಇನ್ನೊಂದು ಬಿಡಿಸಿ ಹೇಳಿದರು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಬಂದಾಗ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನ ಹೊರಗಿಟ್ಟಿದ್ದರು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಬಂದ ತಿದ್ದುಪಡೀಲಿ ಮದುವೆಯಾಗಿರಲಿ ಬಿಡಲಿ, ಪಿತ್ರಾರ್ಜಿತದಲ್ಲಿ ಮಗಳೂ ಮಗನ ಸಮ ಅಂತಾಯ್ತು. ಅಪ್ಪ ಅಷ್ಟೊತ್ತಿಗೆ ತೀರಿಕೊಂಡಿದ್ರೂ ಹಕ್ಕು ಹೋಗಲ್ಲ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಅನ್ನೋರ ಕೇಸಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನು ಪ್ರಕಾರ ಆಗಿಹೋದ ಭಾಗ ಮಾತ್ರ ಮತ್ತೆ ತೆಗೆಯೋಹಾಗಿಲ್ಲ. ಹಂಗಿದ್ದಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನ ಬಿಟ್ಟು ಬರೆಸಿದ್ರೆ ಅದು ಸುಳ್ಳು ಪಟ್ಟಿ, ಮುಂದೆ ನಿಮಗೇ ಕಷ್ಟ ಅಂತ ಅಣ್ಣನ ಮುಖಕ್ಕೇ ಹೇಳಿದರು.

ಪಟ್ಟಿ ಹೊಸದಾಗಿ ಬರೆಸಿದ್ವಿ. ಈ ಸಲ ಸೋದರತ್ತೆ ಇದ್ದಾರೆ, ನಾನಿದ್ದೀನಿ, ತಂಗಿ ಇದ್ದಾಳೆ. ಸಹಿ ಹಾಕೋ ದಿನ ಅಣ್ಣನೇ ಹೋಗಿ ಅತ್ತೆನ ಕಾರಲ್ಲಿ ಕರ್ಕೊಂಡು ಬಂದ. ಹಕ್ಕು ಬಿಡುಗಡೆ ಪತ್ರಕ್ಕೂ ಸಹಿ ಕೇಳೋದು ಅವನ ಮನಸ್ಸಲ್ಲಿತ್ತು. ಅತ್ತೆ ನೋಡಿ ಹೇಳಿದ್ದು ಇಷ್ಟು: "ಹೆಸ್ರೇ ಇಲ್ದಾಗ ಏನು ಬಿಡಾದು ಅಂತಿದ್ದೆ. ಈಗ ಹೆಸ್ರು ಐತೆ. ಬಿಡಾದೋ ಇಟ್ಕೊಳಾದೋ ನಾನು ಯೋಚ್ನೆ ಮಾಡ್ತೀನಿ ಕಣಪ್ಪ." ಇನ್ನೂ ಯೋಚನೆ ಮಾಡ್ತಾನೇ ಇದ್ದಾರೆ. ಅಣ್ಣನೂ ಮತ್ತೆ ಕೇಳಿಲ್ಲ. ಆ 12 ಗುಂಟೇಲಿ ಈ ವರ್ಷ ಅವರೆ ಹಾಕಿದ್ದ, ಮೊದಲನೇ ಕೊಯ್ಲಿನ ಎರಡು ಮೊರ ಕಾಯಿ ಕನಕಪುರಕ್ಕೆ ಕಳಿಸಿದ.

ಒಂದು ವಿಷಯ ಆಮೇಲೆ ಹೊಳೀತು. ಗಂಡಸರ ಪಟ್ಟಿ ಹಿಡಿದು ಹೋದ್ರೆ ನಾವು ಒಂದೇ ಊರು, ಒಂದೇ ಸರ್ವೆ ನಂಬರಲ್ಲಿ ಸುತ್ತುತೀವಿ. ಹೆಂಗಸರ ಹೆಸರು ಹಿಡಿದು ಹೋದ್ರೆ ದೊಡ್ಡವ್ವ ಚನ್ನಪಟ್ಟಣದೋಳು, ಸೋದರತ್ತೆ ಕನಕಪುರಕ್ಕೆ ಹೋದೋರು, ನಾನು ಮಾಗಡಿಯಿಂದ ರಾಮನಗರಕ್ಕೆ ಬಂದೋಳು. ನಾಲ್ಕು ತಾಲ್ಲೂಕನ್ನೂ ಕಟ್ಟಿ ಹಿಡಿದಿರೋದು ನಾವೇ ಕಣ್ರೀ.

ದೊಡ್ಡವ್ವನ ಅಪ್ಪ ಯಾರು, ಚನ್ನಪಟ್ಟಣದ ಕಡೆ ಯಾವ ಊರು ಅನ್ನೋದು ಆ ಕಾಗದದಲ್ಲಿಲ್ಲ. ಮುಂದಿನ ಬೇಸಿಗೇಲಿ ಅದಕ್ಕೆ ಹೊರಡೋರು ನಾವು. ಅಲ್ಲೀವರೆಗೆ ನೀವೊಂದು ಕೆಲಸ ಮಾಡಿ. ಮನೇಲಿ ಎಂಬತ್ತು ದಾಟಿದೋರು ಇದ್ದರೆ ಇವತ್ತೇ ಪಕ್ಕ ಕೂತು ಕೇಳಿ. ನಿಮ್ಮವ್ವನ ಹೆಸರೇನು, ಅವರವ್ವನ ಹೆಸರೇನು, ತವರು ಯಾವುದು, ಏನು ತಂದಿದ್ದರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಾದ್ರೂ ಬರೆದಿಡಿ, ಇಸವಿ ಹಾಕಿ.

ಈ ವರ್ಷ ಎಡೆ ಇಟ್ಟಾಗ ಅಣ್ಣ ಗಂಡಸರ ಹೆಸರೆಲ್ಲಾ ಹೇಳಿ ಮುಗಿಸಿ, ಧೂಪದ ತಟ್ಟೆ ಅತ್ತೆ ಕೈಗೆ ಕೊಟ್ಟ. ಅತ್ತೆ ಸೀರೆ ಮುಂದೆ ಕೂತು ದೊಡ್ಡವ್ವನ್ನ ಮೊದಲನೇ ಸಲ ಹೆಸರು ಹಿಡಿದು ಕರೆದರು.